ನಡುರಾತ್ರಿಯ ವಿಡಿಯೊಗಳು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ ಮುಂತಾದ ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ 38 ವರ್ಷದವರೊಬ್ಬರು ನಿದ್ರೆ ಬರುತ್ತಿಲ್ಲವೆಂದು ನನ್ನಲ್ಲಿಗೆ ಬಂದರು. ಎರಡನೆಯ ಭೇಟಿಯಲ್ಲಿ, ಬಹಳ ಹಿಂಜರಿದು, ಮನೆಯವರೆಲ್ಲ ಮಲಗಿದ ಮೇಲೆ ತಾವು ಮಕ್ಕಳು ಅಪಘಾತಕ್ಕೀಡಾಗುವ ವಿಡಿಯೊಗಳನ್ನು ಒಂದರ ಹಿಂದೊಂದು ನೋಡುವುದಾಗಿಯೂ, ನಡುವೆ ಎದ್ದು ಹೋಗಿ ಮಗಳ ಎದೆಯ ಮೇಲೆ ಅಂಗೈಯಿಟ್ಟು, ಉಸಿರಾಟ ಖಾತ್ರಿಯಾದ ಮೇಲೆ ಮತ್ತೆ ಫೋನು ಹಿಡಿಯುವುದಾಗಿಯೂ ಹೇಳಿದರು. "ನನ್ನೊಳಗೇ ಏನೋ ಕ್ರೌರ್ಯ ಇರಬೇಕು, ಮೇಡಂ" ಎಂದರು.

ನನಗೆ ಕಂಡದ್ದು ಕಾವಲು ಕಾಯುವ ತಂದೆ. ಅಪಾಯದ ಸುಳಿವನ್ನು ಗ್ರಹಿಸುವುದರಲ್ಲಿ ಮೆದುಳಿನ ಅಮಿಗ್ಡಾಲ ಎಂಬ ಭಾಗಕ್ಕೆ ದೊಡ್ಡ ಪಾತ್ರವಿದೆ. ಇದು ಪರದೆಯ ಮೇಲಿನ ದೃಶ್ಯವಷ್ಟೇ ಎಂದು ವಿವೇಚನೆ ತಿಳಿಹೇಳುವಷ್ಟರಲ್ಲಿ ಎದೆಬಡಿತ ಏರಿ, ಮೈಯೆಲ್ಲ ಎಚ್ಚರಗೊಂಡಿರುತ್ತದೆ. ಎದುರಿಗಿರುವ ಅಪಾಯ ಸರಿದುಹೋದರೆ ದೇಹವೂ ತಣ್ಣಗಾಗುತ್ತದೆ, ಆದರೆ ಫೋನಿನಲ್ಲಿ ಅಷ್ಟರೊಳಗೆ ಮುಂದಿನ ವಿಡಿಯೊ ಬಂದಿರುತ್ತದೆ. ಅವರು ಯಾವುದಕ್ಕೂ ಲೈಕ್ ಒತ್ತಿದವರಲ್ಲ. ಬೆರಳು ಎಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದನ್ನೇ ಆಸಕ್ತಿಯೆಂದು ಲೆಕ್ಕ ಹಾಕಿ ಮುಂದಿನ ವಿಡಿಯೊ ಆರಿಸುವ ಆ್ಯಪ್‌ನ ವ್ಯವಸ್ಥೆಗೆ ಭಯಕ್ಕೂ ಅಭಿರುಚಿಗೂ ವ್ಯತ್ಯಾಸ ತಿಳಿಯದು.

2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ನಂತರ ನಡೆದ ಅಧ್ಯಯನವೊಂದನ್ನು ಅವರಿಗೆ ವಿವರಿಸಿದೆ. ಸ್ಫೋಟದ ಸುದ್ದಿ, ದೃಶ್ಯಗಳನ್ನು ಆ ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಹೆಚ್ಚು ನೋಡಿದವರಲ್ಲಿ, ಘಟನೆಯನ್ನು ನೇರವಾಗಿ ಎದುರಿಸಿದವರಿಗಿಂತಲೂ ತೀವ್ರವಾದ ಒತ್ತಡದ ಲಕ್ಷಣಗಳು ಕಂಡುಬಂದಿದ್ದವು. (ಮೊದಲೇ ಕಳವಳಗೊಂಡಿದ್ದವರೇ ಹೆಚ್ಚು ನೋಡಿರಲೂಬಹುದು ಎಂಬುದನ್ನು ಮರೆಯಬಾರದು.) ತಾವೊಬ್ಬರೇ ಹೀಗಲ್ಲವೆಂದು ತಿಳಿದಾಗ ಅವರ ಭುಜಗಳು ಸ್ವಲ್ಪ ಇಳಿದವು.

ಆ್ಯಪ್ ತೆಗೆದುಹಾಕಿ ಎಂಬ ನನ್ನ ಮೊದಲ ಸಲಹೆ ತಪ್ಪಾಗಿತ್ತು. ನಾಲ್ಕೇ ದಿನಗಳಲ್ಲಿ ಅದು ಫೋನಿಗೆ ಮರಳಿತು, ಜೊತೆಗೆ ಸೋತೆನೆಂಬ ಭಾವವೂ ಸೇರಿಕೊಂಡಿತು. ಆಮೇಲೆ ಹೇಳಿದ್ದಿಷ್ಟು: ವಿಡಿಯೊ ತಾನಾಗಿಯೇ ಓಡದಂತೆ ಸೆಟ್ಟಿಂಗ್ ಬದಲಿಸಿ, ನೋಡಿದ್ದರ ಇತಿಹಾಸವನ್ನು ಅಳಿಸಿ, ರಾತ್ರಿ ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ. ಹಗಲಿನಲ್ಲಿ ಅಂಥ ದೃಶ್ಯದ ಮುಂದೆ ಬೆರಳು ನಿಂತರೆ, ಫೋನನ್ನು ಬೋರಲು ಹಾಕಿ, ಆಗುತ್ತಿರುವುದನ್ನು ಒಂದು ಪೂರ್ಣ ವಾಕ್ಯದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಿ. ಭಾವನೆಗೆ ಹೆಸರಿಟ್ಟಾಗ ಅಮಿಗ್ಡಾಲದ ಚಟುವಟಿಕೆ ತಗ್ಗುವುದನ್ನು ಮೆದುಳಿನ ಸ್ಕ್ಯಾನ್‌ಗಳಲ್ಲಿ ಗಮನಿಸಲಾಗಿದೆ. ಮಗಳನ್ನು ಮಲಗುವ ಮುನ್ನ ಒಮ್ಮೆ ಮಾತ್ರ ನೋಡಿ ಬನ್ನಿ ಎಂದೂ ಸೂಚಿಸಿದೆ, ಏಕೆಂದರೆ ಪ್ರತಿ ಸಲದ ಪರೀಕ್ಷೆಯೂ ಕ್ಷಣದ ಸಮಾಧಾನ ಕೊಟ್ಟು ಮುಂದಿನ ಪರೀಕ್ಷೆಗೆ ದಾರಿ ಮಾಡುತ್ತದೆ.

ಹೀಗೆ ವಾಕ್ಯ ಹೇಳಿಕೊಳ್ಳುವಾಗಲೇ ಅವರಿಗೆ ಹಳೆಯದೊಂದು ನೆನಪಾಯಿತು. ಎರಡು ವರ್ಷಗಳ ಹಿಂದೆ ಜ್ವರದಲ್ಲಿ ಮಗಳಿಗೆ ಫಿಟ್ಸ್ ಬಂದಾಗ ಏನು ಮಾಡಬೇಕೆಂದು ತೋಚದೆ ಅವರು ಅವಳನ್ನು ಎತ್ತಿಕೊಂಡು ನಿಂತುಬಿಟ್ಟಿದ್ದರು. ಮಕ್ಕಳ ವೈದ್ಯರ ಬಳಿ ಕಳುಹಿಸಿದೆ. ಮಗುವನ್ನು ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಗಡಿಯಾರ ನೋಡಿಕೊಳ್ಳಬೇಕು, 5 ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಬೇಕು ಎಂಬುದನ್ನು ದಂಪತಿ ಇಬ್ಬರೂ ಕಲಿತು ಬಂದರು. ಅಂದು ರಾತ್ರಿ ಫೋನು ಹಾಲ್‌ನಲ್ಲೇ ಇತ್ತಂತೆ.