ಪಹಣಿಯಲ್ಲಿರುವ ರಂಗಪ್ಪ ಯಾರು?

ತುಮಕೂರು ಜಿಲ್ಲೆಯ ಓದುಗರೊಬ್ಬರ ಪತ್ರ: "ಜಮೀನು ತಾತನ ಸ್ವಂತ ಗಳಿಕೆ. ಅವರು ತೀರಿಕೊಂಡು ವರ್ಷಗಳಾದವು, ಉಯಿಲಿಲ್ಲ. ಅವರ ಹೆಸರನ್ನೇ ನನಗಿಟ್ಟಿದ್ದಾರೆ. ಪಹಣಿಯಲ್ಲಿ 'ರಂಗಪ್ಪ ಬಿನ್ ತಿಮ್ಮಯ್ಯ' ಎಂದಿದೆ. ನಾನೂ ತಿಮ್ಮಯ್ಯನ ಮಗ ರಂಗಪ್ಪನೇ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ ಆಧಾರ್ ಜೋಡಿಸಿದರೆ ಸಾಕು ಎನ್ನುತ್ತಾರೆ ಅರ್ಜಿ ಬರೆಯುವವರು. ಮಾಡಿಸಲೇ?"

ಖಂಡಿತ ಬೇಡ. ಅದು ಸುಳ್ಳು ಪ್ರಮಾಣ, ಶಿಕ್ಷೆಯಾಗುವ ಅಪರಾಧ. ತಾತನ ಹೆಸರು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ತಂದೆಗೂ ಅವರ ತಾತನ ಹೆಸರೇ ಬಂದಿರುತ್ತದೆ. ಹಾಗಾಗಿ ಉಳಿದ ರಂಗಪ್ಪಂದಿರಿಂದ ಬೇರ್ಪಡಿಸಬೇಕಾದ 'ಬಿನ್' ನಿಮ್ಮ ಮನೆಯೊಳಗೆ ಉಪಯೋಗಕ್ಕೆ ಬರುವುದಿಲ್ಲ.

ಪಹಣಿಯ 9ನೇ ಕಾಲಂನಲ್ಲಿ ಹೆಸರು, 10ರಲ್ಲಿ ಆ ಹಕ್ಕು ಬಂದ ಬಗೆ ಮತ್ತು ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆ ವಹಿ) ಸಂಖ್ಯೆ ಇರುತ್ತವೆ. ಆ ಎಂ.ಆರ್. ವರ್ಷ, ಉದಾಹರಣೆಗೆ, 1972-73 ಎಂದಿದ್ದು ನೀವು ಹುಟ್ಟಿದ್ದು ಆಮೇಲಾದರೆ, ಹೆಸರು ತಾತನದೇ. ಆ ಎಂ.ಆರ್. ನಕಲನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಪಡೆದಿಡಿ. ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜನ್ಮದಿನಾಂಕದ ಪಕ್ಕದಲ್ಲಿಟ್ಟರೆ ವಾದಕ್ಕೇ ಜಾಗವಿಲ್ಲ.

ಇನ್ನು ಹಕ್ಕಿನ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ ಇಂಥ ಜಮೀನು ಅಜ್ಜಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮನಾಗಿ ಹೋಗುತ್ತದೆ. ತಂದೆ ಬದುಕಿರುವಾಗ ಅದರಲ್ಲಿ ನಿಮಗೆ ನೇರ ಪಾಲಿಲ್ಲ. ಹೆಸರು ಹೊಂದಿತೆಂದು ಮಾರಿದರೆ ಸೋದರತ್ತೆಯರು ದಾವೆ ಹೂಡುತ್ತಾರೆ. ಹೂಡುವುದು ನ್ಯಾಯವೂ ಹೌದು.

ಸರಿಯಾದ ದಾರಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ತಾತನ ಮರಣ ಪ್ರಮಾಣಪತ್ರ ತೆಗೆಸಿ. ಮರಣ ನೋಂದಣಿಯಾಗದೆ ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ: ಒಂದೇ ಹೆಸರು ಎರಡು ಕಡೆ ಬಂದಾಗ ಟೈಪ್ ಮಾಡುವವರು ಒಂದನ್ನು ತಪ್ಪೆಂದು ಬಿಟ್ಟುಬಿಡುತ್ತಾರೆ. ತಾತನ ಹೆಸರಿನ ಮುಂದೆ 'ಮರಣ' ಎಂದೂ ದಿನಾಂಕವನ್ನೂ, ನಿಮ್ಮ ಹೆಸರಿನ ಮುಂದೆ ವಯಸ್ಸನ್ನೂ ಬರೆಸಿ. ಹಳೆಯ ದಾಖಲೆಯಲ್ಲಿ 'ಉರುಫ್ ದೊಡ್ಡರಂಗಪ್ಪ' ಎಂದಿದ್ದರೆ ಅದನ್ನೂ ಸೇರಿಸಿ. ಇಲ್ಲದಿದ್ದರೆ ಹೊಸದಾಗಿ ಹುಟ್ಟಿಸಬೇಡಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟರೆ ಮುಂದೆ ತಕರಾರು ಖಚಿತ.

ಖಾತೆ ಮೊದಲು ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಆಗಲಿ. ಅತ್ತೆಯರು ಪಾಲು ಬಿಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು, ಬಿಳಿ ಹಾಳೆಯ ಸಹಿ ಸಾಲದು. ಹಂಚಿಕೊಳ್ಳುವುದಾದರೆ 11ಇ ನಕ್ಷೆ (ಪ್ರತಿ ಪಾಲಿನ ಗಡಿ ತೋರಿಸುವ ಸರ್ವೆ ನಕ್ಷೆ) ಮಾಡಿಸಿ ವಿಭಾಗಪತ್ರ ನೋಂದಾಯಿಸಿ.

ಪಹಣಿಯ 11ನೇ ಕಾಲಂ ಮರೆಯಬೇಡಿ. ತಾತ ಸೊಸೈಟಿಯಲ್ಲಿ ತೆಗೆದ ಸಾಲ ಅಲ್ಲಿದ್ದರೆ, ಹೆಸರು ಒಂದೇ ಆದ್ದರಿಂದ ನಿಮ್ಮದೆಂದೇ ಬ್ಯಾಂಕಿನವರು ತಿಳಿಯುತ್ತಾರೆ. ತೀರಿದ್ದರೆ ಋಣಮುಕ್ತ ಪತ್ರ ತಂದು ನಮೂದನ್ನು ತೆಗೆಸಿ. ಈಗಾಗಲೇ ನಿಮ್ಮ ಆಧಾರ್ ಆ ಪಹಣಿಗೆ ಜೋಡಣೆಯಾಗಿದ್ದರೆ, ಅದನ್ನು ಸರಿಪಡಿಸುವಂತೆ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

-ಸಂ.