ಪಾರ್ಕಿನ್ಸನ್‌ಗೆ ಕ್ಯೂ10 ಮಾತ್ರೆ ಕೊಡಬಹುದೇ?

ತಂದೆಯವರಿಗೆ ಪಾರ್ಕಿನ್ಸನ್ ಇದೆ, ಕೋಎನ್‌ಝೈಮ್ ಕ್ಯೂ10 ಕೊಟ್ಟರೆ ನರಕೋಶ ಸಾಯುವುದು ನಿಲ್ಲುತ್ತದೆಂದು ಯಾರೋ ಹೇಳಿದರು, ಕೊಡಲೇ ಅಂತ ಕೇಳಿದ್ದೀರಿ. ನನ್ನ ಮಾತು ಕೇಳುವುದಾದರೆ ದುಡ್ಡು ಉಳಿಸಿಕೊಳ್ಳಿ.

ಹಾಗಂತ ಹೇಳಿದವರ ತರ್ಕ ಪೊಳ್ಳೇನಲ್ಲ. ಮಿದುಳು ದೇಹದ ತೂಕದಲ್ಲಿ ಶೇ 2ರಷ್ಟಿದ್ದರೂ ಸುಮ್ಮನೆ ಕೂತಾಗಲೂ ಶೇ 20ರಷ್ಟು ಶಕ್ತಿ ನುಂಗುತ್ತದೆ. ಅದರ ಬಹುಪಾಲನ್ನು ಒದಗಿಸುವುದು ಕೋಶದೊಳಗಿನ ಶಕ್ತಿಮನೆಗಳಾದ ಮೈಟೊಕಾಂಡ್ರಿಯಾ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಕಳ್ಳಸಂತೆಯ ಕೃತಕ ಹೆರಾಯಿನ್ ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಪಾರ್ಕಿನ್ಸನ್ ರೋಗಿಗಳಂತೆಯೇ ಕೈಕಾಲು ಸೆಟೆದು ಅಲುಗಾಡದಂತಾದರು. ಅದರಲ್ಲಿದ್ದ ಎಂಪಿಟಿಪಿ ಎಂಬ ಕಲ್ಮಶ ಮಿದುಳಿನಲ್ಲಿ ರೂಪ ಬದಲಿಸಿ, ಚಲನೆ ನಿಯಂತ್ರಿಸುವ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳೊಳಗೆ (ಪಾರ್ಕಿನ್ಸನ್‌ನಲ್ಲಿ ಸಾಯುವುದು ಇವೇ) ನುಗ್ಗಿ, ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಿಸುವ ಸರಪಳಿಯ ಮೊದಲ ಕೊಂಡಿಯಾದ ಕಾಂಪ್ಲೆಕ್ಸ್ 1 ಅನ್ನು ಕಟ್ಟಿಹಾಕಿತ್ತು. ಕ್ಯೂ10 ಕೆಲಸವೂ ಅಲ್ಲೇ: ಕಾಂಪ್ಲೆಕ್ಸ್ 1 ಮತ್ತು 2ರಿಂದ ಎಲೆಕ್ಟ್ರಾನ್ ಹೊತ್ತು 3ಕ್ಕೆ ಮುಟ್ಟಿಸುವ ಹಮಾಲಿ ಅದು. ಹಾಗಾಗಿ ಆಸೆ ಹುಟ್ಟಿದ್ದು ಸಹಜ.

ಆದರೆ 2014ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಕ್ಯೂ10 ಪ್ರಯೋಗದಲ್ಲಿ 600 ರೋಗಿಗಳಿದ್ದರು. ಕೆಲವರಿಗೆ ದಿನಕ್ಕೆ 1200, ಕೆಲವರಿಗೆ 2400 ಮಿಲಿಗ್ರಾಂ, ಉಳಿದವರಿಗೆ ಹುಸಿ ಮಾತ್ರೆ. ಪ್ರಯೋಜನ ಕಾಣದೆ ಅರ್ಧಕ್ಕೇ ನಿಲ್ಲಿಸಿದರು. ಕೋಶಗಳ ಶಕ್ತಿಗೆ ನೆರವಾಗುವ ಇನ್ನೊಂದು ಪೂರಕ ಕ್ರಿಯಾಟಿನ್‌ನದೂ ಅದೇ ಕತೆ, ಅಲ್ಲಿ 1741 ಮಂದಿ! ಕೈ ನಡುಗಲು ಶುರುವಾಗುವ ಹೊತ್ತಿಗೇ ಸಾಕಷ್ಟು ಡೋಪಮಿನ್ ಕೋಶಗಳು ಹೋಗಿರುತ್ತವೆ. ಊಟ ಮುಗಿದ ಮೇಲೆ ಎಲೆ ಹಾಕಿದಂತೆ ಆಗಿರಬಹುದು ಅನ್ನುವುದು ನನ್ನ ಊಹೆ.

ಈಗಾಗಲೇ ಮಾತ್ರೆ ತಂದಿದ್ದರೆ ಒಂದು ವಿಷಯ. ತಂದೆಯವರು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಕ್ಯೂ10 ಅದರ ಪರಿಣಾಮ ತಗ್ಗಿಸಬಹುದು. ನರರೋಗ ತಜ್ಞರನ್ನು ಕೇಳದೆ ಶುರು ಮಾಡಬೇಡಿ, ಪಾರ್ಕಿನ್ಸನ್‌ನ ಮುಖ್ಯ ಔಷಧಿಯಾದ ಲೆವೊಡೋಪಾ ಮಾತ್ರ ತಪ್ಪಿಸಲೇಬೇಡಿ.