ಮಾರುವ ಮುಂಚೆ ಟೈರ್ ಬದಲಿಸಬೇಕಾ?

ಕಾರು ಓಡಿದ್ದೇ ಕಡಿಮೆ, ಟೈರ್ ಸವೆದಿಲ್ಲ, ಆದರೂ ಮಾರುವ ಮುಂಚೆ ಬದಲಿಸಬೇಕಾ ಅಂತ ಕೇಳಿದ್ದೀರಿ ಅಲ್ವಾ. ಮೊದಲು ಟೈರಿನ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2318 ಅಂತಿದ್ದರೆ ಅದು 2018ರ 23ನೇ ವಾರ ತಯಾರಾದದ್ದು. ಕೆಲವದರಲ್ಲಿ ಒಳಬದಿಗೆ ಇರುತ್ತದೆ, ಬಗ್ಗಿ ಟಾರ್ಚ್ ಹಾಕಿ ನೋಡಬೇಕು. ಓಡಿಸದೆ ನಿಲ್ಲಿಸಿದ್ದರೂ ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ರಸ್ತೆ ಮೇಲೆ ಹಿಡಿತ ಕಡಿಮೆಯಾಗುತ್ತದೆ, ಹೆಚ್ಚು ಶಕ್ತಿಯ ಕಾರಿಗೆ ಅದು ಸಾಲಲ್ಲ, ಕೊಳ್ಳುವವರಿಗೂ ಇದು ಗೊತ್ತಿರುತ್ತದೆ. ನಾನು ನನ್ನದನ್ನು ಮಾರುವಾಗ ಹೊಸದು ಹಾಕಿಸಲಿಲ್ಲ, ಅಷ್ಟು ದುಡ್ಡು ಬೆಲೆಯಲ್ಲೇ ಬಿಟ್ಟುಕೊಟ್ಟೆ. ಸುಮ್ನೆ ಅಗ್ಗದ ಟೈರ್ ಮಾತ್ರ ಹಾಕಿಸಬೇಡಿ, ಸರ್ವಿಸಲ್ಲೂ ಹೀಗೇ ಉಳಿಸಿರಬೇಕು ಅಂದ್ಕೊಳ್ತಾರೆ. ಆಯಿಲ್, ಬ್ರೇಕ್ ಫ್ಲೂಯಿಡ್ ಬಿಲ್ಲುಗಳನ್ನು ಜೋಡಿಸಿಡಿ. ಹಾಂ, ಕೊಳ್ಳುವವರು ಬರುವ ಮುಂಚೆ ಇಂಜಿನ್ ಬಿಸಿ ಮಾಡಿಡಬೇಡಿ. ಬಾನೆಟ್ ಮುಟ್ಟಿ ನೋಡ್ತಾರೆ, ಬೆಚ್ಚಗಿದ್ದರೆ ತಣ್ಣಗಿರುವಾಗ ಸರಿಯಾಗಿ ಸ್ಟಾರ್ಟ್ ಆಗಲ್ಲವೇನೋ ಅಂತ ಅನುಮಾನ ಶುರು.